‘ನ್ಯೂಸೆನ್ಸ್’ ಎಂದರೆ ಏನೇನು? ಬಡಾವಣೆಯ ಜಗಳ ಬಗೆಹರಿಸಿ ಕೊಡಿ

ಬಡಾವಣೆ ಕಾರ್ಯದರ್ಶಿ
ನಮ್ಮ ಬಡಾವಣೆಯ ನಿವಾಸಿಗಳ ಸಂಘದ ನಿಯಮಾವಳಿಯಲ್ಲಿ ಒಂದು ಸಾಲಿದೆ: ‘ನ್ಯೂಸೆನ್ಸ್ ಮಾಡುವ ಸದಸ್ಯರಿಗೆ ಮೊದಲು ಎಚ್ಚರಿಕೆ ಕೊಡುವುದು, ಮರುಕಳಿಸಿದರೆ ದಂಡ ಹಾಕುವುದು.’ ಬರೆದ ಪುಣ್ಯಾತ್ಮರು ಮನೆ ಮಾರಿಕೊಂಡು ಹೋದರು. ಈಗ ಕಾರ್ಯದರ್ಶಿಯಾಗಿ ಅನುಭವಿಸುತ್ತಿರುವವನು ನಾನು. ಎದುರು ಮನೆಯ ಹುಡುಗ ಸಂಜೆ ಮೃದಂಗ ಬಾರಿಸುವುದು ನ್ಯೂಸೆನ್ಸ್ ಎಂದು ಒಬ್ಬರ ದೂರು. ಇನ್ನೊಬ್ಬರಿಗೆ ಪಕ್ಕದ ಮನೆಯ ಒಣಮೀನಿನ ವಾಸನೆ ನ್ಯೂಸೆನ್ಸ್. ಮತ್ತೊಬ್ಬರು ಬೀದಿನಾಯಿಗಳಿಗೆ ಅನ್ನ ಹಾಕುವವರನ್ನೇ ನ್ಯೂಸೆನ್ಸ್ ಎಂದಿದ್ದಾರೆ. ಅನ್ನ ಹಾಕುವ ಅಮ್ಮ ಸುಮ್ಮನಿರುತ್ತಾರೆಯೇ? ದೂರು ಕೊಡುವವರೇ ನ್ಯೂಸೆನ್ಸ್ ಎಂದು ಪುಟಗಟ್ಟಲೆ ಬರೆದು ಕೊಟ್ಟಿದ್ದಾರೆ. ರಾತ್ರಿ ಹೊತ್ತು ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಲ್ಲುವವರ ಕಥೆ ಬೇರೆ.

ಇಷ್ಟೆಲ್ಲ ಒಂದೇ ಪದದೊಳಗೆ ಹೇಗೆ ಹಿಡಿಯುತ್ತದೆ? ಅದರ ಸರಿಯಾದ ಅರ್ಥವೇನು, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು? ನಿಯಮವನ್ನು ಕನ್ನಡದಲ್ಲಿ ತಿದ್ದಿ ಬರೆಯಬೇಕೆಂದು ಸಭೆಯಲ್ಲಿ ತೀರ್ಮಾನವಾಗಿದೆ. ಬಲ್ಲವರು ತಿಳಿಸಿ.

ಮುಂಗೋಪಿ
ಅರ್ಥ ಬಹಳ ಸುಲಭ. ನಾನು ಮಾಡಿದರೆ ಹವ್ಯಾಸ, ನೀವು ಮಾಡಿದರೆ ನ್ಯೂಸೆನ್ಸ್.

ಸೀಮೆಸುಣ್ಣ
ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು, ಆದ್ದರಿಂದ ವ್ಯಾಕರಣದಿಂದಲೇ ಹಿಡಿಯುತ್ತೇನೆ. ಇಂಗ್ಲಿಷಿನವರ ದಿನಬಳಕೆಯ ಮಾತಿನಲ್ಲಿ ನ್ಯೂಸೆನ್ಸ್ ಎಂಬುದನ್ನು ಯಾರೂ ‘ಮಾಡುವುದಿಲ್ಲ’. ಸೊಳ್ಳೆ ಒಂದು ನ್ಯೂಸೆನ್ಸ್. ಹೊತ್ತುಗೊತ್ತಿಲ್ಲದೆ ಬಂದು ಕೂರುವ ನೆಂಟ ಒಂದು ನ್ಯೂಸೆನ್ಸ್. ಮೋಡ ಕವಿದ ಮೇಲೆ ಕೊಡೆ ಮನೆಯಲ್ಲೇ ಉಳಿಯಿತೆಂದು ನೆನಪಾದರೆ ‘ವಾಟ್ ಎ ನ್ಯೂಸೆನ್ಸ್’ ಎಂದು ಗೊಣಗಿಕೊಳ್ಳುತ್ತಾರೆ. ಅಲ್ಲಿ ಯಾರ ಮೇಲೂ ಸಿಟ್ಟಿಲ್ಲ. ‘ಡೂಯಿಂಗ್ ನ್ಯೂಸೆನ್ಸ್’ ಎನ್ನುವವರು ನಾವು. ಗಲಾಟೆ ಮಾಡು, ತಂಟೆ ಮಾಡು, ರಗಳೆ ಮಾಡು ಎಂದು ಹೇಳಿ ರೂಢಿಯಾದ ನಾಲಿಗೆ, ಆ ‘ಮಾಡು’ವನ್ನು ಅಲ್ಲಿಗೂ ಹೊತ್ತೊಯ್ದಿತು. ಉತ್ತರಪತ್ರಿಕೆಗಳಲ್ಲಿ ಅದಕ್ಕೆ ಕೆಂಪು ಗೆರೆ ಎಳೆದೆಳೆದು ನನಗೆ ಸಾಕಾಗಿತ್ತು.

ಇನ್ನು ತೂಕದ ಮಾತು. ‘ಅನಾಯ್’ ಎಂದರೆ ಮನಸ್ಸಿಗೆ ಕಿರಿಕಿರಿ ಮಾಡುವುದು. ‘ಇರಿಟೇಟ್’ ಮನಸ್ಸಿಗೂ ಆಗುತ್ತದೆ, ಚರ್ಮಕ್ಕೂ ಕಣ್ಣಿಗೂ ಆಗುತ್ತದೆ. ‘ಹ್ಯಾರಸ್’ ಎಂದರೆ ಬೆನ್ನುಬಿದ್ದು ಕಾಡುವುದು, ನಮ್ಮ ಕಿರುಕುಳ. ಇವು ಮೂರೂ ಕ್ರಿಯಾಪದಗಳು. ನ್ಯೂಸೆನ್ಸ್ ಹಾಗಲ್ಲ, ಕಿರಿಕಿರಿ ಕೊಡುವ ವಸ್ತುವಿಗೋ ವ್ಯಕ್ತಿಗೋ ಅಂಟಿಸುವ ಚೀಟಿ ಅದು. ನಿಮ್ಮ ಬಡಾವಣೆಯಲ್ಲಿ ಎಲ್ಲರೂ ಎಲ್ಲರ ಬೆನ್ನಿಗೂ ಆ ಚೀಟಿ ಅಂಟಿಸುತ್ತಿದ್ದಾರೆ, ಅಷ್ಟೇ.

ಹುಬ್ಬಳ್ಳಿಯವ
ಮೇಡಂ, ‘ಮಾಡುವುದಿಲ್ಲ’ ಎಂದಿರಿ. ಹಾಗಾದರೆ ಸರ್ಕಾರಿ ಗೋಡೆಗಳ ಮೇಲಿನ ‘ಕಮಿಟ್ ನೋ ನ್ಯೂಸೆನ್ಸ್’ ಏನು? ಅಲ್ಲಿ ‘ಕಮಿಟ್’ ಎಂದರೆ ಮಾಡುವುದೇ ಅಲ್ಲವೇ? ಅಥವಾ ಅದೂ ನಮ್ಮ ದೇಶದ್ದೇ ತಯಾರಿಕೆಯೇ?

ಕರಾವಳಿಯ ಕಾಗೆ
ನಮ್ಮ ದೇಶದ್ದೇ ಇರಬೇಕು ಮಾರಾಯರೇ. ಮೂತ್ರ ಎಂದು ಬರೆಯಲು ನಾಚಿಕೆ, ಹೊಯ್ಯಲು ನಾಚಿಕೆ ಇಲ್ಲ.

ಲೆಸ್ಟರ್ ಕನ್ನಡಿಗ
ಇಲ್ಲ, ಅದು ಇಲ್ಲಿಂದಲೇ ಬಂದ ಸರಕು. ಲಂಡನ್ನಿನ ಸದರ್ಕ್ ಭಾಗದ ಡಾಯ್ಸ್ ಬೀದಿಯಲ್ಲಿ ಇಟ್ಟಿಗೆ ಗೋಡೆಯ ಮೇಲೆ ‘ಕಮಿಟ್ ನೋ ನ್ಯೂಸೆನ್ಸ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದದ್ದು ಈಗಲೂ ಇದೆ. ಹಳೆಯ ಲಂಡನ್ ಸುತ್ತಿಸುವವರು ಅದನ್ನು ತೋರಿಸುತ್ತಾರೆ. ವಿಕ್ಟೋರಿಯಾ ಕಾಲದವರಿಗೂ ಮೂತ್ರ ಎಂಬ ಮಾತನ್ನು ಗೋಡೆಯ ಮೇಲೆ ಬರೆಯಲು ಮುಜುಗರ. ಇಲ್ಲಿ ಆ ಬಳಕೆ ಸತ್ತಿತು, ನಮ್ಮಲ್ಲಿ ಬದುಕಿತು. ಇಂದಿನ ಇಂಗ್ಲಿಷ್ ಹುಡುಗನಿಗೆ ಆ ಫಲಕ ತೋರಿಸಿದರೆ ಗಲಾಟೆ ಮಾಡಬೇಡಿ ಎಂದಷ್ಟೇ ತಿಳಿದಾನು.

ಸೀಮೆಸುಣ್ಣ
ಸರಿಯಾಗಿ ಹೇಳಿದಿರಿ. ಹುಬ್ಬಳ್ಳಿಯವರೇ, ‘ಕಮಿಟ್’ ಎಂಬುದು ಅಪರಾಧದ ಜೊತೆ ಬರುವ ಪದ. ಕೊಲೆ, ಕಳವು, ನ್ಯೂಸೆನ್ಸ್ ಎಲ್ಲವನ್ನೂ ‘ಕಮಿಟ್’ ಮಾಡುತ್ತಾರೆ. ಫಲಕದ ಭಾಷೆ ಕೋರ್ಟಿನಿಂದ ಬಂದದ್ದು, ಮನೆಮಾತಿನಿಂದಲ್ಲ.

ಸುದ್ದಿಮನೆ
ಇಂಗ್ಲಿಷ್ ಫಲಕ ಓದಿಕೊಂಡು ನ್ಯೂಸೆನ್ಸ್ ಎಂದರೆ ಮೂತ್ರವಿಸರ್ಜನೆ, ಬೇರೇನೂ ಅಲ್ಲ ಎಂದು ನಂಬಿರುವವರು ಬಹಳ ಮಂದಿ ಇದ್ದಾರೆ. ನಮ್ಮ ಪತ್ರಿಕೆಗೆ ಬರುತ್ತಿದ್ದ ಒಬ್ಬ ಹಿರಿಯ ಓದುಗರು, ಶಾಸಕರೊಬ್ಬರನ್ನು ನಾವು ‘ನ್ಯೂಸೆನ್ಸ್ ವ್ಯಾಲ್ಯೂ ಇರುವ ನಾಯಕ’ ಎಂದು ಬರೆದದ್ದಕ್ಕೆ ಕೆರಳಿ ಪತ್ರ ಬರೆದಿದ್ದರು. ಜನಪ್ರತಿನಿಧಿಯ ಬಗ್ಗೆ ಇಂಥ ಹೊಲಸು ಮಾತೇ ಎಂದು! ಅವರಿಗೆ ವಿವರಿಸುವ ಹೊತ್ತಿಗೆ ಮುಖ್ಯ ಉಪಸಂಪಾದಕರು ಬೆವರಿದ್ದರು. ನ್ಯೂಸೆನ್ಸ್ ವ್ಯಾಲ್ಯೂ ಎಂದರೆ ಕೆಲಸ ಮಾಡುವ ಶಕ್ತಿ ಇಲ್ಲದಿದ್ದರೂ ಕೆಲಸ ಕೆಡಿಸುವ ಶಕ್ತಿ ಇರುವುದು. ಮಂತ್ರಿಗಿರಿ ಹಂಚುವ ಕಾಲದಲ್ಲಿ ಆ ಶಕ್ತಿಗೆ ಎಲ್ಲಿಲ್ಲದ ಬೆಲೆ.

ಗೋಡೆಯ ವಿಷಯಕ್ಕೆ ಬಂದರೆ, ಬೆಂಗಳೂರಿನಲ್ಲಿ ಅಕ್ಷರ ಸೋತ ಕಡೆ ದೇವರು ಕೂತಿದ್ದಾನೆ. ಗೋಡೆಯ ಬುಡದಲ್ಲಿ ಸಾಲಾಗಿ ಟೈಲ್ಸ್: ಗಣಪತಿ, ಯೇಸು, ಮೆಕ್ಕಾ, ಮತ್ತೆ ಗಣಪತಿ. ಎಲ್ಲ ಧರ್ಮಗಳೂ ಒಂದೇ ಸಾಲಿನಲ್ಲಿ ನಿಂತು ಒಂದೇ ಕೆಲಸ ಮಾಡುವ ಜಾಗ ಅದೊಂದೇ ಇರಬೇಕು.

ಮುಂಗೋಪಿ
ಟೈಲ್ಸ್ ಮುಗಿದ ಮೇಲಿನ ಒಂದು ಅಡಿಯಲ್ಲಿ ಜನ ಸಾಲು ನಿಲ್ಲುತ್ತಾರೆ. ನೋಡಿದ್ದೇನೆ.

ಕಪ್ಪು ಕೋಟು
ಕಾನೂನಿನ ಪ್ರಶ್ನೆ ಬಂದದ್ದರಿಂದ ಮೂಗು ತೂರಿಸುತ್ತಿದ್ದೇನೆ. ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿ ಮಾಡುವವನು.

ನ್ಯೂಸೆನ್ಸ್ ಎಂಬುದು ಕಾನೂನಿನಲ್ಲಿ ಎರಡು ಬಗೆ. ಒಂದು ಸಾರ್ವಜನಿಕ, ಇನ್ನೊಂದು ಖಾಸಗಿ. ಸಾರ್ವಜನಿಕವಾದದ್ದು ಅಪರಾಧ. 1860ರ ಭಾರತೀಯ ದಂಡ ಸಂಹಿತೆಯ 268ನೇ ಕಲಂನಲ್ಲಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 270ನೇ ಕಲಂ. ಸಾರ್ವಜನಿಕರಿಗೆ ಅಥವಾ ಸುತ್ತಮುತ್ತ ವಾಸಿಸುವ ಜನಸಾಮಾನ್ಯರಿಗೆ ಹಾನಿ, ಅಪಾಯ ಅಥವಾ ಕಿರಿಕಿರಿ ಉಂಟುಮಾಡುವ ಕೃತ್ಯ. ಕೃತ್ಯ ಮಾತ್ರವಲ್ಲ, ಮಾಡಲೇಬೇಕಾದದ್ದನ್ನು ಮಾಡದೆ ಬಿಡುವುದೂ ಸೇರುತ್ತದೆ. ಇದರಿಂದ ನಾಲ್ಕು ಜನರಿಗೆ ಅನುಕೂಲವೂ ಆಗುತ್ತದೆ ಸ್ವಾಮಿ ಎಂದರೆ ಬಿಡುವುದಿಲ್ಲ, ಆ ಮಾತನ್ನೂ ಕಲಂನಲ್ಲೇ ಬರೆದಿದ್ದಾರೆ. ಬೇರೆ ಕಡೆ ಶಿಕ್ಷೆ ಹೇಳಿಲ್ಲದ ಪ್ರಕರಣಗಳಿಗೆ ಹಿಂದೆ 200 ರೂಪಾಯಿವರೆಗೆ ದಂಡ ಇತ್ತು, ಈಗ 1,000 ರೂಪಾಯಿವರೆಗೆ. ನಮ್ಮ ರಾಜ್ಯದಲ್ಲಿ ಬೀದಿಯಲ್ಲಿ ನಡೆಯುವ ಸಣ್ಣಪುಟ್ಟ ಉಪದ್ರವಗಳಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 92ನೇ ಕಲಂ ಕೂಡ ಇದೆ. ಪೊಲೀಸರು ‘ಪೆಟ್ಟಿ ಕೇಸ್’ ಎನ್ನುವುದು ಹೆಚ್ಚಾಗಿ ಇಂಥದ್ದನ್ನೇ.

ಖಾಸಗಿ ನ್ಯೂಸೆನ್ಸ್‌ಗೆ ಪೊಲೀಸ್ ಠಾಣೆಯಲ್ಲ, ಸಿವಿಲ್ ನ್ಯಾಯಾಲಯ. ನಿಮ್ಮ ಮನೆಯನ್ನು ನೀವು ನೆಮ್ಮದಿಯಾಗಿ ಅನುಭವಿಸಲು ನೆರೆಯವನು ಅಡ್ಡಿಯಾದರೆ ದಾವೆ ಹೂಡಿ ತಡೆಯಾಜ್ಞೆ ಕೇಳುವುದು, ನಷ್ಟ ತುಂಬಿಸಿಕೊಳ್ಳುವುದು. ಇದಕ್ಕೆ ಪ್ರತ್ಯೇಕ ಕಾಯ್ದೆಯಿಲ್ಲ. ತೀರ್ಪುಗಳ ಮೇಲೆ ತೀರ್ಪು ಪೇರಿಸಿಕೊಂಡು ಬೆಳೆದದ್ದು.

ಕಾರ್ಯದರ್ಶಿಗಳೇ, ಸಂಘದವರು ಈ ಎರಡನ್ನೂ ಕಲಸಿ ಒಂದು ಸಾಲಿನಲ್ಲಿ ಹಾಕಿದ್ದಾರೆ. ಮೃದಂಗ ಖಾಸಗಿ, ಗೋಡೆ ಸಾರ್ವಜನಿಕ. ಒಣಮೀನು ಎರಡೂ ಅಲ್ಲ ಎಂದು ನನ್ನ ಅಭಿಪ್ರಾಯ.

ಕರಾವಳಿಯ ಕಾಗೆ
ಅಭಿಪ್ರಾಯ ಅಲ್ಲ ಸರ್, ಅದು ಸತ್ಯ. ಮಳೆಗಾಲದಲ್ಲಿ ಗಂಜಿಯ ಜೊತೆ ಕೆಂಡದ ಮೇಲೆ ಸುಟ್ಟ ಒಣಮೀನು, ಅದರ ಮೇಲೆ ಒಂದಿಷ್ಟು ತೆಂಗಿನೆಣ್ಣೆ. ಆ ಪರಿಮಳವನ್ನು ನ್ಯೂಸೆನ್ಸ್ ಎನ್ನುವವರು ಬಾಡಿಗೆಗೆ ಮನೆ ಕೊಡುವಾಗಲೂ ಮೊದಲು ಅದನ್ನೇ ಕೇಳುತ್ತಾರೆ. ‘ನಮಗೆ ವಾಸನೆ ಆಗುವುದಿಲ್ಲ’ ಎನ್ನುತ್ತಾರೆ. ಹಿಂಗು ಹುರಿದರೆ ಮಾತ್ರ ಅದು ಒಗ್ಗರಣೆ!

ಹುಬ್ಬಳ್ಳಿಯವ
ಇವತ್ತು ರಾತ್ರಿ ನನಗೆ ಜೋಳದ ರೊಟ್ಟಿ ಮಾತ್ರ ಇತ್ತು. ಇದನ್ನು ಓದಿದ ಮೇಲೆ ನೀವೇ ನ್ಯೂಸೆನ್ಸ್.

ಲೆಸ್ಟರ್ ಕನ್ನಡಿಗ
ಕಾಗೆಯವರ ಸಿಟ್ಟು ಹಳೆಯದು. 1879ರಲ್ಲಿ ಸ್ಟರ್ಜಸ್ ಮತ್ತು ಬ್ರಿಡ್ಜ್‌ಮನ್ ಎಂಬ ಪ್ರಕರಣ. ಮಿಠಾಯಿ ಮಾಡುವವನೊಬ್ಬ ತನ್ನ ಅಡುಗೆಮನೆಯಲ್ಲಿ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ. ಹಿಂಬದಿಯ ಮನೆಯ ವೈದ್ಯ ತನ್ನ ತೋಟದ ತುದಿಯಲ್ಲಿ, ಆ ಗೋಡೆಗೆ ತಾಗಿಕೊಂಡೇ ಹೊಸದಾಗಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಆಮೇಲೆ ಸದ್ದು ಎಂದು ದಾವೆ ಹೂಡಿದ. ಗೆದ್ದವನು ವೈದ್ಯ. ಆ ತೀರ್ಪಿನ ಒಂದು ಮಾತು ಇಂದಿಗೂ ಕಾನೂನು ತರಗತಿಗಳಲ್ಲಿ ಉರು ಹೊಡೆಸುವಂಥದ್ದು: ಬೆಲ್‌ಗ್ರೇವ್ ಚೌಕದಲ್ಲಿ ನ್ಯೂಸೆನ್ಸ್ ಆಗುವುದು ಬರ್ಮಂಡ್ಸಿಯಲ್ಲಿ ನ್ಯೂಸೆನ್ಸ್ ಆಗಬೇಕೆಂದಿಲ್ಲ. ಬೆಲ್‌ಗ್ರೇವ್ ಎಂದರೆ ಸಿರಿವಂತರ ಕೇರಿ, ಬರ್ಮಂಡ್ಸಿ ಆಗ ಚರ್ಮ ಹದಮಾಡುವವರ ಕೇರಿ. ಸಿರಿವಂತನ ಮೂಗಿಗೆ ಒಂದು ಕಾನೂನು, ಬಡವನ ಮೂಗಿಗೆ ಇನ್ನೊಂದು.

ಕಪ್ಪು ಕೋಟು
ಅಷ್ಟು ಒರಟಾಗಿ ಓದಬೇಡಿ. ಜಾಗದ ಸ್ವಭಾವ ನೋಡಬೇಕು ಎಂಬುದು ಅದರ ತಾತ್ಪರ್ಯ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಮನೆ ಮಾಡಿ ಲೇತ್ ಯಂತ್ರದ ಸದ್ದು ಎಂದರೆ ನ್ಯಾಯಾಧೀಶರು ಏನು ಹೇಳಬೇಕು? ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ಅಲ್ಲಿಯೂ ಇದೇ ತತ್ತ್ವ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ.

ಲೆಸ್ಟರ್ ಕನ್ನಡಿಗ
ಶಬ್ದಕ್ಕಾದರೆ ಡೆಸಿಬಲ್ ಇದೆ, ಒಪ್ಪಿದೆ. ವಾಸನೆಗೆ ಮಾಪಕ ಎಲ್ಲಿದೆ? ಅಲ್ಲಿ ಯಾರ ಮೂಗು ದೊಡ್ಡದು ಎಂಬುದೇ ಅಳತೆ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಸಾಂಬಾರಿನ ವಾಸನೆಗೆ ಮೇಲಿನ ಮನೆಯವರು ಕಿಟಕಿ ಪಟಾರನೆ ಮುಚ್ಚುತ್ತಿದ್ದ ಸದ್ದು ನನಗಿನ್ನೂ ಕಿವಿಯಲ್ಲಿದೆ.

ಮೃದಂಗದ ಮನೆ
ಬಾರಿಸುವ ಹುಡುಗನ ತಾಯಿ ನಾನಲ್ಲ, ಆದರೆ ಅಂಥದ್ದೇ ಇನ್ನೊಂದು ಮನೆಯ ತಾಯಿ. ಸಂಜೆ ಆರರಿಂದ ಏಳು, ಬಾಗಿಲು ಕಿಟಕಿ ಮುಚ್ಚಿ, ಗುರುಗಳು ಕೊಟ್ಟ ಪಾಠ ಬಾರಿಸುವುದು ನ್ಯೂಸೆನ್ಸ್ ಆದರೆ ಈ ನಾಡಿನಲ್ಲಿ ಸಂಗೀತ ಕಲಿಯುವುದು ಎಲ್ಲಿ? ಪಕ್ಕದ ಮನೆಯ ಟಿವಿಯ ಧಾರಾವಾಹಿಯಲ್ಲಿ ಅತ್ತೆ ಸೊಸೆ ಚೀರಾಡುವುದು ನಮ್ಮ ಮನೆಗೆ ಪೂರ್ತಿ ಕೇಳುತ್ತದೆ. ಕಥೆಯೂ ನನಗೆ ಗೊತ್ತು. ಅದಕ್ಕೆ ಯಾರೂ ದೂರು ಕೊಡುವುದಿಲ್ಲ.

ಲೆಸ್ಟರ್ ಕನ್ನಡಿಗ
ಅಕ್ಕಾ, ನಿಮಗೆಂದೇ ಒಂದು ತೀರ್ಪು ಇದೆ. 1893, ಕ್ರಿಸ್ಟಿ ಮತ್ತು ಡೇವಿ. ಸಂಗೀತ ಪಾಠ ಹೇಳುವ ಮನೆ, ನಡುವೆ ಒಂದೇ ಗೋಡೆ. ನೆರೆಯವನಿಗೆ ತಾಳ್ಮೆ ಕೆಟ್ಟಿತು. ಪಾಠ ಶುರುವಾದೊಡನೆ ತಟ್ಟೆ ಬಡಿಯುವುದು, ಸಿಳ್ಳೆ ಹಾಕುವುದು, ಗೋಡೆ ಗುದ್ದುವುದು, ಕಿರುಚುವುದು ಆರಂಭಿಸಿದ. ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಸಂಗೀತದ ಮೇಲಲ್ಲ, ತಟ್ಟೆಯ ಮೇಲೆ! ಪಾಠ ಹೇಳುವುದು ಮನೆಯ ನ್ಯಾಯವಾದ ಬಳಕೆ. ತಟ್ಟೆ ಬಡಿದದ್ದು ಕಾಡಬೇಕೆಂಬ ಹಟದಿಂದ. ಸದ್ದು ಎರಡೂ ಕಡೆ ಇತ್ತು, ಉದ್ದೇಶ ಬೇರೆ.

ಮೃದಂಗದ ಮನೆ
ಇದನ್ನು ಮುದ್ರಿಸಿ ಬಾಗಿಲಿಗೆ ಅಂಟಿಸುತ್ತೇನೆ. ಧನ್ಯವಾದ ತಮ್ಮಾ.

ಮುಂಗೋಪಿ
ತನಿ ಆವರ್ತನದ ಅಭ್ಯಾಸ ಏಳಕ್ಕೆ ಮುಗಿಯುವುದು ಕಾಗದದ ಮೇಲೆ ಮಾತ್ರ. ಇದನ್ನೂ ಅಂಟಿಸಿ.

ಕಪ್ಪು ಕೋಟು
ಅತಿಸೂಕ್ಷ್ಮ ಮನುಷ್ಯನನ್ನು ಕಾನೂನು ಅಳತೆಗೋಲಾಗಿ ಇಟ್ಟುಕೊಳ್ಳುವುದಿಲ್ಲ ಎಂಬುದನ್ನೂ ಸೇರಿಸಿ. 1889ರ ರಾಬಿನ್ಸನ್ ಮತ್ತು ಕಿಲ್ವರ್ಟ್ ಪ್ರಕರಣದಲ್ಲಿ ಕೆಳಮಹಡಿಯ ಬಿಸಿಯಿಂದ ಮೇಲಿನವನು ಇಟ್ಟಿದ್ದ ಕಂದು ಕಾಗದ ಒಣಗಿ ತೂಕ ಕಳೆದುಕೊಂಡಿತು. ಸಾಮಾನ್ಯ ಕಾಗದಕ್ಕೆ ಏನೂ ಆಗದಷ್ಟು ಬಿಸಿ ಅದು. ನಿನ್ನ ಸರಕು ನಾಜೂಕಾದದ್ದಕ್ಕೆ ಅವನನ್ನು ಹೊಣೆ ಮಾಡಲಾಗದು ಎಂದರು. ಮಧ್ಯಾಹ್ನ ಎರಡಕ್ಕೆ ಸೂಜಿ ಬಿದ್ದರೂ ಏಳುವವರ ದೂರನ್ನು ಕಾರ್ಯದರ್ಶಿಗಳು ಇದೇ ರೀತಿ ನೋಡಬಹುದು.

ಬೇರುಬಿಳಲು
ಪದದ ಬೇರಿನ ಬಗ್ಗೆ ಯಾರೂ ಹೇಳಲಿಲ್ಲ. ಲ್ಯಾಟಿನ್ನಿನ ‘ನೊಕೆರೆ’, ಅಂದರೆ ಹಾನಿ ಮಾಡು. ಅದು ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಅರ್ಥ ನೇರವಾಗಿ ಹಾನಿಯೇ. ಕಿರಿಕಿರಿ ಎಂಬ ಹಗುರ ಅರ್ಥ ಆಮೇಲಿನದು. ತಮಾಷೆ ಎಂದರೆ ‘ಇನ್ನೊಸೆಂಟ್’ ಕೂಡ ಅದೇ ಬೇರಿನ ಚಿಗುರು: ಹಾನಿ ಮಾಡದವನು. ಹೀಗಾಗಿ ಇನ್ನೊಸೆಂಟ್ ಆದವನು ನ್ಯೂಸೆನ್ಸ್ ಆಗಲು ಬೇರಿನ ಮಟ್ಟದಲ್ಲೇ ಸಾಧ್ಯವಿಲ್ಲ. ‘ಅನಾಯ್’ ಬೇರೆ ದಾರಿಯಲ್ಲಿ ಬಂತು, ದ್ವೇಷ ಎಂಬರ್ಥದ ಲ್ಯಾಟಿನ್ ಮಾತಿನಿಂದ. ಫ್ರೆಂಚರು ಬೇಸರಕ್ಕೆ ಹೇಳುವ ‘ಆನ್ವೀ’ ಅದರ ತಂಗಿ.

ಸೀಮೆಸುಣ್ಣ
ಬೇರು ನೋಡಿ ಇಂದಿನ ಅರ್ಥ ನಿರ್ಧರಿಸುವುದು ಅಪಾಯ. ಮೂರು ವರ್ಷದ ಮಗು ಪೂರ್ತಿ ಇನ್ನೊಸೆಂಟ್, ಪೂರ್ತಿ ನ್ಯೂಸೆನ್ಸ್. ನನ್ನ ಮೊಮ್ಮಗ ಈಗ ಕನ್ನಡಕವನ್ನು ಅಕ್ಕಿಡಬ್ಬಿಯಲ್ಲಿ ಹೂತಿಟ್ಟಿದ್ದಾನೆ.

ಬೇರುಬಿಳಲು
ಕಾನೂನು ಇನ್ನೂ ಆ ಹಳೆಯ ತೂಕವನ್ನು ಉಳಿಸಿಕೊಂಡಿದೆಯಲ್ಲ ಮೇಡಂ? ಹಾನಿ, ಅಪಾಯ, ಕಿರಿಕಿರಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಿಮ್ಮ ಕನ್ನಡಕ ಮಾತ್ರ ಕಿರಿಕಿರಿಯ ಲೆಕ್ಕಕ್ಕೆ ಹೋಗಲಿ.

ಅಂಕಿಸಂಕಿ
ನಮ್ಮ ಸಂಖ್ಯಾಶಾಸ್ತ್ರದಲ್ಲೂ ‘ನ್ಯೂಸೆನ್ಸ್ ಪ್ಯಾರಾಮೀಟರ್’ ಎಂದಿದೆ. ನಮಗೆ ಸರಾಸರಿ ಮಾತ್ರ ಬೇಕು, ಆದರೆ ಅಳತೆಗಳು ಎಷ್ಟು ಚದುರಿವೆ ಎಂಬುದು ತಿಳಿಯದೆ ಆ ಸರಾಸರಿಯ ಮೇಲೆ ಎಷ್ಟು ಭರವಸೆ ಇಡಬೇಕೆಂದು ಹೇಳಲಾಗುವುದಿಲ್ಲ. ಆ ಚದುರುವಿಕೆ ನ್ಯೂಸೆನ್ಸ್: ಬೇಡ, ಬಿಡುವಂತೆಯೂ ಇಲ್ಲ. ಸಂಘದ ಖಜಾಂಚಿಯ ಹಾಗೆ.

ಬಡಾವಣೆ ಕಾರ್ಯದರ್ಶಿ
ನಮ್ಮ ಖಜಾಂಚಿಗಳು ಇದನ್ನು ಓದುತ್ತಿದ್ದಾರೆ. ದಯವಿಟ್ಟು.

ಸುದ್ದಿಮನೆ
‘ಕಿರಿಕಿರಿ’ಯನ್ನು ಕಾನೂನಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. ಕಿರಿಕಿರಿ, ಅನನುಕೂಲ ಉಂಟುಮಾಡುವ ಸಂದೇಶ ಕಳುಹಿಸಿದರೂ ಮೂರು ವರ್ಷದವರೆಗೆ ಸೆರೆಮನೆ ಎಂದಿತ್ತು. ಒಂದು ವ್ಯಂಗ್ಯಚಿತ್ರ, ಒಂದು ಟೀಕೆ ಸಾಕಾಗುತ್ತಿತ್ತು. ಯಾರಿಗೋ ಕಿರಿಕಿರಿಯಾಯಿತೆಂದು ಪೊಲೀಸರು ಮನೆಬಾಗಿಲಿಗೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು. ಇಂಥ ಪದಗಳಿಗೆ ಗಡಿಯೇ ಇಲ್ಲ, ಯಾವುದು ಅಪರಾಧ ಎಂದು ಜನರಿಗೂ ತಿಳಿಯದು, ಪೊಲೀಸರಿಗೂ ತಿಳಿಯದು ಎಂಬುದು ಒಂದು ಮುಖ್ಯ ಕಾರಣ.

ಹಾಗಾಗಿ ಕಾರ್ಯದರ್ಶಿಗಳೇ, ನಿಮ್ಮ ನಿಯಮದಿಂದ ಆ ಪದವನ್ನೇ ಕಿತ್ತುಹಾಕಿ. ಕನ್ನಡದಲ್ಲಿ ಉಪದ್ರವ ಎಂದು ಬರೆದರೂ ಅದೇ ಜಗಳ ಬೇರೆ ಲಿಪಿಯಲ್ಲಿ ನಡೆಯುತ್ತದೆ. ಏನು ಮಾಡಬಾರದೋ ಅದನ್ನು ಹೆಸರಿಟ್ಟು ಬರೆಯಿರಿ. ‘ರಾತ್ರಿ ಹತ್ತರ ನಂತರ ಧ್ವನಿವರ್ಧಕ, ವಾದ್ಯ, ಪಟಾಕಿ ಕೂಡದು.’ ‘ಕಸವನ್ನು ಚರಂಡಿಗೆ ಹಾಕಬಾರದು.’ ‘ಈ ಗೋಡೆಗೆ ಮೂತ್ರ ಮಾಡಬಾರದು.’ ಮುಗಿಯಿತು.

ಕಪ್ಪು ಕೋಟು
ಪತ್ರಕರ್ತರ ಮಾತನ್ನು ನಾನು ಒಪ್ಪುವುದಿಲ್ಲ. ಪಟ್ಟಿ ಮಾಡಿದ ಮರುದಿನವೇ ಪಟ್ಟಿಯಲ್ಲಿಲ್ಲದ ಕಾಟವನ್ನು ಯಾರೋ ಹುಡುಕುತ್ತಾರೆ. ಮಹಡಿಯ ಮೇಲೆ ಪಾರಿವಾಳ ಸಾಕುತ್ತಾರೆ, ಗಂಜಿ ನೀರನ್ನು ಕೆಳಗಿನವರ ಒಗೆದ ಬಟ್ಟೆಯ ಮೇಲೆ ಚೆಲ್ಲುತ್ತಾರೆ, ಡ್ರೋನ್ ಹಾರಿಸುತ್ತಾರೆ. ಆಗ ನಿಯಮದಲ್ಲಿ ಎಲ್ಲಿದೆ ತೋರಿಸಿ ಎನ್ನುತ್ತಾರೆ. ಪದ ಸಡಿಲವಾಗಿರುವುದರಿಂದಲೇ ಬಡವರಿಗೆ ಉಪಯೋಗವಾದದ್ದೂ ಇದೆ. ಮಧ್ಯಪ್ರದೇಶದ ರತ್ಲಾಮ್ ಪ್ರಕರಣ, 1980. ತೆರೆದ ಚರಂಡಿ, ಬೀದಿಯಲ್ಲೇ ಮಲ, ಮದ್ಯದ ಕಾರ್ಖಾನೆಯಿಂದ ಹರಿದುಬರುವ ಗಬ್ಬು ನೀರು. ನಿವಾಸಿಗಳು ಸಾರ್ವಜನಿಕ ನ್ಯೂಸೆನ್ಸ್ ಎಂದು ಮ್ಯಾಜಿಸ್ಟ್ರೇಟರ ಮುಂದೆ ಹೋದರು. ಪುರಸಭೆ ಹಣವಿಲ್ಲ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನೆಪವನ್ನು ಒಪ್ಪಲಿಲ್ಲ. ಕೆಲಸ ಮಾಡಲೇಬೇಕೆಂದು ಗಡುವು ಕೊಟ್ಟರು. ‘ಚರಂಡಿ ಮುಚ್ಚದಿರುವುದು’ ಎಂದು ಯಾವ ಪಟ್ಟಿಯಲ್ಲಿತ್ತು? ನ್ಯೂಸೆನ್ಸ್ ಎಂಬ ಒಂದು ಸಡಿಲ ಪದ ಇದ್ದುದರಿಂದ ಜನ ಗೆದ್ದರು.

ಸುದ್ದಿಮನೆ
ರತ್ಲಾಮಿನಲ್ಲಿ ಪದವನ್ನು ಅಳೆದವರು ನ್ಯಾಯಾಧೀಶರು. ಬಡಾವಣೆಯಲ್ಲಿ ಅಳೆಯುವವರು ಯಾರು? ಸಂಘದ ಅಧ್ಯಕ್ಷರ ಪತ್ನಿಗೆ ಮೀನಿನ ವಾಸನೆ ಆಗದಿದ್ದರೆ ಮೀನು ನ್ಯೂಸೆನ್ಸ್, ಅವರ ಮೈದುನ ಡೋಲು ತರಿಸಿದರೆ ಅದು ಸಂಸ್ಕೃತಿ.

ಕಪ್ಪು ಕೋಟು
ಆ ಮಾತಿಗೆ ನನ್ನಲ್ಲಿ ಉತ್ತರ ಕಡಿಮೆ. ಪಟ್ಟಿ ಮಾಡಿ, ಕೊನೆಗೆ ‘ಇಂಥವೇ ಇತರ’ ಎಂದು ಸೇರಿಸಿ, ಆ ‘ಇತರ’ವನ್ನು ಸರ್ವಸದಸ್ಯರ ಸಭೆಯೇ ನಿರ್ಧರಿಸಲಿ. ಅಧ್ಯಕ್ಷರ ಕೈಗೆ ಕೊಡಬೇಡಿ.

ನ್ಯೂಜೆರ್ಸಿಯ ಸೊಸೆ
ಅಮೆರಿಕದ ಒಂದು ವಿಚಿತ್ರ ಹೇಳುತ್ತೇನೆ. ಇಲ್ಲಿ ‘ಅಟ್ರಾಕ್ಟಿವ್ ನ್ಯೂಸೆನ್ಸ್’ ಎಂದಿದೆ. ಆಕರ್ಷಕ ಉಪದ್ರವ! ಮೊದಲು ಕೇಳಿದಾಗ ನನ್ನ ಗಂಡನ ಬಗ್ಗೆ ಎಂದುಕೊಂಡೆ. ಮಕ್ಕಳನ್ನು ಸೆಳೆಯುವ ಅಪಾಯದ ವಸ್ತು ನಿಮ್ಮ ಜಾಗದಲ್ಲಿದ್ದರೆ, ಹೇಳದೆ ಕೇಳದೆ ನುಗ್ಗಿದ ಮಗುವಿಗೆ ಏಟಾದರೂ ಹೊಣೆ ನಿಮ್ಮದಾಗಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಇಂಜಿನ್ ತಿರುಗಿಸುವ ವೃತ್ತಾಕಾರದ ಹಳಿಯ ಮೇಲೆ ಆಡಲು ಹೋದ ಮಕ್ಕಳ ಪ್ರಕರಣಗಳಿಂದ ಈ ತತ್ತ್ವ ಬೆಳೆಯಿತು. ಈಗ ಮುಖ್ಯವಾಗಿ ಈಜುಕೊಳ. ಅದಕ್ಕೇ ಹಿತ್ತಲ ಈಜುಕೊಳಗಳಿಗೆ ಬೇಲಿ.

ಕಪ್ಪು ಕೋಟು
ನಮ್ಮಲ್ಲಿ ಬಾವಿಯ ವಿಷಯ ಇದಕ್ಕೆ ಹತ್ತಿರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133. ದಾರಿಯ ಪಕ್ಕದ ಬಾವಿಗೋ ಗುಂಡಿಗೋ ಬೇಲಿ ಹಾಕಿಸಲು, ಬೀಳುವಂತಿರುವ ಮರ ತೆಗೆಸಲು, ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಿಸಲು ಉಪವಿಭಾಗಾಧಿಕಾರಿ ಆದೇಶ ಕೊಡಬಹುದು. ಜನರಿಗೆ ಈ ಕಲಂ ಗೊತ್ತಿಲ್ಲ. ಎಲ್ಲದಕ್ಕೂ ಠಾಣೆಗೆ ಹೋಗಿ ನಿಲ್ಲುತ್ತಾರೆ.

ಹುಬ್ಬಳ್ಳಿಯವ
ಕ್ರಿಕೆಟ್ ಚೆಂಡು ಕಿಟಕಿಗೆ ಬಡಿದರೆ?

ಲೆಸ್ಟರ್ ಕನ್ನಡಿಗ
ಆಹಾ, ಕೇಳಬೇಕಾದ ಪ್ರಶ್ನೆ! 1977, ಮಿಲ್ಲರ್ ಮತ್ತು ಜಾಕ್ಸನ್. ಇಂಗ್ಲೆಂಡಿನ ಲಿಂಟ್ಸ್ ಎಂಬ ಹಳ್ಳಿಯ ಮೈದಾನ, ಸುಮಾರು ಎಪ್ಪತ್ತು ವರ್ಷದಿಂದ ಆಟ. ಪಕ್ಕದಲ್ಲಿ ಹೊಸ ಮನೆಗಳಾದವು, ಸಿಕ್ಸರ್‌ಗಳು ಅಂಗಳಕ್ಕೆ ಬೀಳತೊಡಗಿದವು. ಲಾರ್ಡ್ ಡೆನ್ನಿಂಗ್ ತೀರ್ಪನ್ನು ಆರಂಭಿಸಿದ್ದೇ ಬೇಸಿಗೆಯಲ್ಲಿ ಹಳ್ಳಿಯ ಕ್ರಿಕೆಟ್ ಎಲ್ಲರಿಗೂ ಆನಂದ ಎಂದು. ಜೊತೆಗಿದ್ದ ಇಬ್ಬರು ನ್ಯಾಯಮೂರ್ತಿಗಳು ನ್ಯೂಸೆನ್ಸ್ ಹೌದು ಎಂದರು, ಡೆನ್ನಿಂಗ್ ಒಪ್ಪಲಿಲ್ಲ. ಕೊನೆಗೆ ಆಟಕ್ಕೆ ತಡೆ ಬೀಳಲಿಲ್ಲ, ಮನೆಯವರಿಗೆ ಪರಿಹಾರ ಸಿಕ್ಕಿತು.

ಹುಬ್ಬಳ್ಳಿಯವ
ನಮ್ಮ ಓಣಿಯಲ್ಲಿ ಪರಿಹಾರ ಇಲ್ಲ, ಚೆಂಡೂ ವಾಪಸ್ ಇಲ್ಲ. ಅಜ್ಜಿಯ ಕಪಾಟಿನಲ್ಲಿ ಒಂದು ಚೀಲ ತುಂಬ ಚೆಂಡು ಇದ್ದವು.

ಬಡಾವಣೆ ಕಾರ್ಯದರ್ಶಿ
ನಾಯಿಗಳ ವಿಷಯ ಯಾರೂ ಮುಟ್ಟಲಿಲ್ಲ. ಜಾಣರು.

ಕಪ್ಪು ಕೋಟು
ಮುಟ್ಟುತ್ತೇನೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ ಬಡಾವಣೆಯ ಪ್ರಾಣಿಗಳಿಗೆ ಊಟ ಹಾಕಲು ಜಾಗ ಗೊತ್ತು ಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೆಯೇ ಹಾಕಿದ್ದಾರೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರ ಇರಬೇಕು. ಅಂದರೆ ಅಮ್ಮ ಅನ್ನ ಹಾಕುವುದು ತಪ್ಪಲ್ಲ. ಎಲ್ಲಿ ಹಾಕಬೇಕೆಂದು ನೀವು ತೋರಿಸದಿರುವುದು ನಿಮ್ಮ ಕಡೆಯ ಬಾಕಿ.

ಬಡಾವಣೆ ಕಾರ್ಯದರ್ಶಿ
ಇದನ್ನು ಆ ಅಮ್ಮನಿಗೆ ಯಾರೂ ಹೇಳಬೇಡಿ. ಜಾಗ ಗುರುತಿಸಲು ಒಂದು ವಾರ ಕೊಡಿ.

ಬೇರುಬಿಳಲು
ಕನ್ನಡದ ಪದಗಳಿಗೆ ಬರೋಣ. ಉಪದ್ರವ ಪುಸ್ತಕದ ಮಾತಾಯಿತು, ಕಾಟ ನಾಲಿಗೆಯ ಮಾತು. ಸೊಳ್ಳೆ ಕಾಟ, ಸಾಲಗಾರರ ಕಾಟ. ಉಪಟಳಕ್ಕೆ ಸ್ವಲ್ಪ ದರ್ಪ ಬೇಕು, ಪುಂಡರ ಉಪಟಳ ಎನ್ನುತ್ತೇವೆ, ಸೊಳ್ಳೆಯ ಉಪಟಳ ಎಂದರೆ ಸೊಳ್ಳೆಗೆ ಬಡ್ತಿ ಕೊಟ್ಟಂತೆ. ಪೀಡೆ ಎಂದರೆ ಬೈಗುಳಕ್ಕೇ ಹತ್ತಿರ. ತಂಟೆ ಮಕ್ಕಳದು.

ಅಡಿಕೆ ತೋಟ
ನಮ್ಮ ಮಲೆನಾಡಿನ 'ರಗಳೆ' ಬಿಟ್ಟಿರಲ್ಲ. ಒಂದು ಕಾಗದಕ್ಕೆ ಹತ್ತು ಸಲ ತಾಲ್ಲೂಕು ಕಚೇರಿಗೆ ಅಲೆಸಿದರೆ ಅದು ರಗಳೆ. ಯಾರೂ ಕೆಟ್ಟವರಲ್ಲ, ಕೆಲಸ ಮಾತ್ರ ಆಗುವುದಿಲ್ಲ.

ಬೇರುಬಿಳಲು
ಹರಿಹರ ಬರೆದದ್ದೂ ರಗಳೆಯೇ, ಛಂದಸ್ಸಿನ ಹೆಸರು. ಎಷ್ಟು ಸಾಲು ಬೇಕಾದರೂ ಎಳೆಯಬಹುದಾದ ಪದ್ಯಜಾತಿ.

ಮುಂಗೋಪಿ
ಹಾಗಾದರೆ ತಾಲ್ಲೂಕು ಕಚೇರಿಯವರು ಮಹಾಕವಿಗಳು.

ಅಡಿಕೆ ತೋಟ
ವಕೀಲರೇ, ಒಂದು ನಿಜವಾದ ಪ್ರಶ್ನೆ. ಮಂಗಗಳು ತೋಟಕ್ಕೆ ಬಂದು ಎಳೆಯ ಅಡಿಕೆ, ಬಾಳೆಗೊನೆ, ಏಲಕ್ಕಿ ಎಲ್ಲ ಹಾಳು ಮಾಡುತ್ತಿವೆ. ಪಕ್ಕದ ಊರಿನವರು ಹಿಡಿದು ತಂದು ನಮ್ಮ ಕಡೆಯ ಕಾಡಿಗೆ ಬಿಟ್ಟು ಹೋಗುತ್ತಾರೆ ಎಂಬ ಗುಮಾನಿ ಬೇರೆ. ಇದು ನ್ಯೂಸೆನ್ಸ್ ಅಡಿ ಬರುತ್ತದೆಯೇ?

ಕಪ್ಪು ಕೋಟು
ಕಲಂ ಆರಂಭವಾಗುವುದೇ ‘ವ್ಯಕ್ತಿ’ ಎಂಬ ಪದದಿಂದ. ಕಾಡಿನ ಮಂಗ ವ್ಯಕ್ತಿಯಲ್ಲ, ಅದರ ಮೇಲೆ ದೂರಿಲ್ಲ. ಹಿಡಿದು ತಂದು ಬಿಟ್ಟವರು ವ್ಯಕ್ತಿಗಳು, ಸಾಕ್ಷಿ ಸಿಕ್ಕರೆ ಅವರ ಮೇಲೆ ಯೋಚಿಸಬಹುದು. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಅಡಿಕೆ ತೋಟ
ಅರ್ಜಿ ಕೊಟ್ಟಿದ್ದೇನೆ. ಹಾನಿಯಾದ ಗೊನೆಯ ಫೋಟೋ ಕೇಳಿದರು. ಫೋಟೋ ತೆಗೆಯಲು ಹೋದರೆ ಮಂಗ ಮೊಬೈಲ್ ಕಿತ್ತುಕೊಂಡು ಮರ ಹತ್ತಿತು.

ಮುಂಗೋಪಿ
ಆ ಮೊಬೈಲಿನಿಂದಲೇ ಬರೆಯುತ್ತಿರುವುದು ನೀವೋ, ಮಂಗವೋ?

ಅಡಿಕೆ ತೋಟ
ಮಗನ ಮೊಬೈಲ್ ಮಾರಾಯರೇ. ಮಂಗನಿಗೆ ನೋಟಿಸ್ ಜಾರಿ ಮಾಡುವ ಧೈರ್ಯದ ಅಮೀನರು ಯಾರಾದರೂ ಇದ್ದರೆ ತಿಳಿಸಿ, ಊಟ ನಮ್ಮ ಮನೆಯಲ್ಲೇ.